ಮೊಮ್ಮಗಳಿಗೆ ನನ್ನ ಹೆಸರು ಬೇಡವೆಂದದ್ದು

ಮೊಮ್ಮಗಳು ಹುಟ್ಟಿದಾಗ ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನ ಏಳೂ ಮಹಡಿಗೆ ನಾನೇ ಪೇಢೆ ಹಂಚಿದೆ. ಲಿಫ್ಟ್‌ಮನ್ನನಿಗೆ ನಾಲ್ಕು ಸಲ ಕೊಟ್ಟೆನಂತೆ, ಅವನೂ ಬೇಡ ಅನ್ನಲಿಲ್ಲ. ಕುಣಿಯುವುದೊಂದು ಬಾಕಿ ಇತ್ತು, ಅದನ್ನೂ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಮುಗಿಸಿದೆ. ಆದರೆ ಹೆಸರಿನ ಮಾತು ಬಂದಾಗ ಪೇಢೆಯ ಡಬ್ಬಿ ಮುಚ್ಚಿಟ್ಟೆ.

ನಮ್ಮ ಮನೆತನದಲ್ಲಿ ಅಜ್ಜಿ ಬದುಕಿದ್ದರೂ ಮೊದಲ ಮೊಮ್ಮಗಳಿಗೆ ಅವಳ ಹೆಸರೇ. ನನಗೂ ನನ್ನಜ್ಜಿಯ ಹೆಸರು. ಆಕೆಯ ಬೆರಳು ಚಳಿಗೆ ಸುಣ್ಣದಂತೆ ಬೆಳ್ಳಗಾಗುತ್ತಿದ್ದವು, ಚರ್ಮ ಬಿಗಿದುಕೊಂಡಿತ್ತು. ಮುಂದೆ ನನಗೂ ಹಾಗೇ ಆಯಿತು, ಚರ್ಮ ಬಿಗಿಯುವ ಈ ರೋಗಕ್ಕೆ ಡಾಕ್ಟರು ಸ್ಕ್ಲೆರೋಡರ್ಮಾ ಎಂದರು. ಮುಖ ಬಿಗಿದು ಸುಕ್ಕೇ ಇಲ್ಲ, ಕೆಳಗಿನ ಮನೆಯಾಕೆ ಯಾವ ಕ್ರೀಮು ಎಂದು ಕೇಳುತ್ತಾಳೆ. ಬೇರೆ ಹೆಸರಿನ ನನ್ನ ಮೂವರು ತಂಗಿಯರಿಗೆ ಏನೂ ಬರಲಿಲ್ಲ. ಅಂದಮೇಲೆ ರೋಗ ಹೆಸರಿನ ಜೊತೆಗೇ ಇಳಿಯುತ್ತದೆ ಎಂದು ನಾನು ತೀರ್ಮಾನಿಸಿದ್ದೆ.

"ನನ್ನ ಹೆಸರು ಬ್ಯಾಡ. ಯಾವುದಾರ ಸಿನಿಮಾದಾಕಿ ಹೆಸರು ಇಡ್ರಿ," ಎಂದೆ.

"ಅತ್ತಿ, ತೊಟ್ಟಿಲ ದಿನದ ಕೇಕಿನ ಮ್ಯಾಲೆ ನಿಮ್ಮ ಹೆಸರ ಬರೀಲಿಕ್ಕೆ ಹೇಳೇನಿ," ಎಂದಳು ಸೊಸೆ.

"ಬರೀ ಹೂವು ಬರಸು."

ತೊಟ್ಟಿಲು ಹಾಕಿ ಹೆಸರಿಡುವ ಹಿಂದಿನ ದಿನ, ನನ್ನ ಅಂಜಿಕೆ ಕೇಳಿ ತಿಳಿದ ಮಗ ನನ್ನನ್ನು ಮೆಟ್ರೋ ಹತ್ತಿಸಿ ಅಂಧೇರಿಯ ಡಾಕ್ಟರಬಾಯಿಯ ಹತ್ತಿರ ಕರೆದೊಯ್ದ. ಆಕೆ ಹಿಂದಿಯಲ್ಲಿ ಹೇಳಿದ್ದು ಇಷ್ಟು:

"ಆಜೀ, ಬಿಲ್ಡಿಂಗಿನ ವಾಚ್‌ಮನ್ ಬಿಲ್ಡಿಂಗಿನವರನ್ನೇ ಕಳ್ಳರೆಂದು ಹೊಡೆದರೆ ಹೇಗೆ? ನಿಮ್ಮ ರಕ್ತದಲ್ಲಿ ಅಂಥ ವಾಚ್‌ಮನ್‌ಗಳಿದ್ದಾರೆ, ಆಟೋಆಂಟಿಬಾಡಿ ಅಂತಾರೆ. ಎಂಥ ವಾಚ್‌ಮನ್‌ಗಳು ತಯಾರಾಗುತ್ತಾರೆ ಅನ್ನೋದರಲ್ಲಿ ಹೆತ್ತವರಿಂದ ಬಂದ ಜೀನ್‌ಗಳ ಕೈವಾಡವೂ ಇದೆ. ಆದರೆ ಜೀನ್ ಬಂದಮಾತ್ರಕ್ಕೆ ರೋಗ ಬರೋದಿಲ್ಲ. ಹೆಚ್ಚಿನ ಮಕ್ಕಳಿಗೆ ಬರೋದೇ ಇಲ್ಲ."

"ಮತ್ತ ಹೆಸರು?" ಎಂದು ಕೇಳಿದೆ. ಮಗ ನಗು ತಡೆಯಲು ಕೆಮ್ಮಿದ.

"ಜೀನ್‌ಗೆ ಓದು ಬರೋದಿಲ್ಲ, ಆಜೀ."

"ನಂದೂ ಅಷ್ಟಕ್ಕಷ್ಟ," ಎಂದೆ.

ಹೊರಗೆ ಬಂದವಳೇ ಸೊಸೆಗೆ ಫೋನು ಮಾಡಿಸಿದೆ. "ಕೇಕಿಗೆ ಹೂವು ಬರಸಿದೇನ?"

"ಇಲ್ರಿ. ನೀವು ಹೊಳ್ಳಿ ಅದ ಹೆಸರಿಗೆ ಬರ್ತೀರಂತ ಗೊತ್ತಿತ್ತು. ಹೆಸರ ಐತಿ."

"ಅಕ್ಷರ ದಪ್ಪ ಮಾಡಸು."

ಈಗ ಕೂಸಿಗೆ ನನ್ನ ಹೆಸರೇ. ಬೆಳಗ್ಗೆದ್ದು ಸೊಸೆ ಆ ಹೆಸರು ಹಿಡಿದೇ ಜೋರಾಗಿ ಕೇಳುತ್ತಾಳೆ, "ಮತ್ತ ಹಾಸಿಗಿ ತೋಯಿಸಿದೇನ?"

"ನಾ ಅಲ್ಲವ್ವಾ," ಎನ್ನುತ್ತೇನೆ ಅಡುಗೆಮನೆಯಿಂದ.