ಒಂದು ದಿನದ ಚಿನ್ನದ ವಾಚು

ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ವಾಚು ರಿಪೇರಿ ಮಾಡುವ ಅವನ ಕೈಯಲ್ಲಿ ಸ್ವಂತದ್ದೊಂದು ವಾಚಿಲ್ಲ. “ಊರವರ ಟೈಮೆಲ್ಲ ಸರಿ ಮಾಡ್ತೀರಿ, ಊಟಕ್ಕೆ ಮಾತ್ರ ಒಂದಿನಾನೂ ಹೊತ್ತಿಗೆ ಸರಿಯಾಗಿ ಬರಲ್ಲ” ಎಂದು ಹೆಂಡತಿ ರೇಗಿಸುತ್ತಾಳೆ. ರಿಪೇರಿಗೆ ಬರುವ ಒಂದು ಚಿನ್ನದ ವಾಚು ಕಟ್ಟಿದ ಮೇಲೆ ಬೇರೆ ಯಾವುದೂ ಅವನ ಮನಸ್ಸಿಗೆ ಹಿಡಿಸಲಿಲ್ಲ, ಅಷ್ಟೇ.

ಅಂಥವು ಜಗತ್ತಿನಲ್ಲಿ ಇರುವುದೇ ನೂರು. ಇದು ಮೂವತ್ತೇಳನೆಯದೆಂದು ಹಿಂದಿನ ಮುಚ್ಚಳದ ಮೇಲೆ ಕೆತ್ತಿದೆ. ಇದರ ಒಡೆಯರು ಅಪರೂಪದ ವಾಚುಗಳನ್ನು ಕೂಡಿಡುವ ಹುಚ್ಚಿನ ಸಾಹುಕಾರರು; ಇದನ್ನು ಒಂದು ದಿನವೂ ಕಟ್ಟಿದವರಲ್ಲ. ಪೆಟ್ಟಿಗೆಯಲ್ಲಿ ಮಲಗಿ ಮಲಗಿ ಒಳಗಿನ ಎಣ್ಣೆ ಒಣಗುತ್ತದೆ, ಐದು ವರ್ಷಕ್ಕೊಮ್ಮೆ ಅವನ ಮೇಜಿಗೆ ಬರುತ್ತದೆ. ಬಿಚ್ಚಿ, ತೊಳೆದು, ಸೂಜಿಮೊನೆಯಷ್ಟು ಎಣ್ಣೆ ಬಿಟ್ಟು ಕೂಡಿಸಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಕೈಯ ಅಲುಗಾಟದಿಂದಲೇ ತನಗೆ ತಾನೇ ಕೀಲಿ ಕೊಟ್ಟುಕೊಳ್ಳುವ ವಾಚು ಅದು. ಯಾರಾದರೂ ಒಂದಿಡೀ ದಿನ ಕಟ್ಟಿಕೊಂಡು ಓಡಾಡಿ ನೋಡಬೇಕು.

ಆ ದಿನ ಅವನು ತುಂಬುತೋಳಿನ ಅಂಗಿ ತೊಡುತ್ತಾನೆ. ಸಂಜೆ ಅಂಗಡಿ ಬೇಗ ಮುಚ್ಚಿ ಗಂಡ ಹೆಂಡತಿ ಹೊಳೆಯವರೆಗೆ ನಡೆಯುತ್ತಾರೆ. ಪ್ರತಿ ತಿರುವಿನಲ್ಲೂ ಅವಳು, “ರೀ, ಗಂಟೆ ಎಷ್ಟಾಯ್ತು?” ಎನ್ನುತ್ತಾಳೆ. ಅವನು ತೋಳು ಸರಿಸಿ ಗತ್ತಿನಿಂದ ಹೇಳುತ್ತಾನೆ. ಹಾಗೆ ಮೂರು ಸಲ ನಡೆದಿದ್ದಾರೆ. ನಾಲ್ಕನೆಯದಕ್ಕಾಗಿ ಐದು ವರ್ಷ ಕಾದಿದ್ದರು. ಈಗ ವಯಸ್ಸಾಗಿ ಅವನ ಬೆರಳು ಸಣ್ಣಗೆ ನಡುಗುತ್ತದೆ. ಐದನೆಯದು ಇರಲಿಕ್ಕಿಲ್ಲ.

ವಾಚು ಸಿದ್ಧವಾದ ದಿನ ಅವಳು ಬೆಳಗ್ಗೆಯೇ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದಳು. ಅವನು ಅದನ್ನೇ ತೊಟ್ಟು ಅಂಗಡಿಗೆ ಬಂದ. ಹಿಂದೆಯೇ ಸಾಹುಕಾರರು ಬಂದು, ತಿರುಗುವ ಪುಟ್ಟ ಯಂತ್ರವೊಂದನ್ನು ಮೇಜಿನ ಮೇಲಿಟ್ಟರು.

“ಈ ಸಲ ಕೈಗೆ ಕಟ್ಟಬೇಡಿ ಯಜಮಾನ್ರೇ. ಇದರಲ್ಲಿಟ್ರೆ ತಾನೇ ತಿರುಗಿಸುತ್ತೆ. ವಾಚು ಮಾರ್ತಿದ್ದೀನಿ. ಯಾರೂ ಕಟ್ಟಿಲ್ಲದ್ದು ಅಂತಾನೇ ತಗೊಳ್ತಿದ್ದಾರೆ.”

“ನಾನು ಮೂರು ಸಲ ಕಟ್ಟಿದ್ದೀನಲ್ಲ ಸಾರ್?”

“ಅಯ್ಯೋ, ನಿಮ್ದೆಲ್ಲ ಲೆಕ್ಕಕ್ಕೆ ಬರುತ್ತಾ? ಅದು ರಿಪೇರಿ!” ಎಂದು ನಕ್ಕರು. ಅವನೂ ನಕ್ಕು, “ಆಯ್ತು ಸಾರ್, ಕಟ್ಟಲ್ಲ” ಎಂದ.

ದಿನವಿಡೀ ಯಂತ್ರ ಗುಂಯ್‌ಗುಡುತ್ತ ವಾಚನ್ನು ತಿರುಗಿಸಿತು. ಮಧ್ಯಾಹ್ನ ಅವನು ಒಮ್ಮೆ ವಾಚನ್ನು ತೆಗೆದು ಮಣಿಕಟ್ಟಿನ ಹತ್ತಿರ ತಂದ. ಕಟ್ಟಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಾತು ಕೊಟ್ಟಾಗಿತ್ತು. ಬಟ್ಟೆಯಲ್ಲಿ ಒರೆಸಿ ಯಂತ್ರಕ್ಕೇ ಇಟ್ಟ.

ಸಂಜೆ ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಹಾಗೇ ಹೊರಟರು. ಮೊದಲ ತಿರುವಿನಲ್ಲಿ ಅವಳು ಕೇಳಿಯೇಬಿಟ್ಟಳು.

“ಕಟ್ಟಿಲ್ಲ ಕಣೆ. ಬೇಡ ಅಂದ್ರು. ಅದು ಇನ್ನು ಬರೋದೂ ಇಲ್ಲ.”

ಅವಳು ಅವನ ತೋಳಿನ ಸುಕ್ಕು ಸರಿಮಾಡಿದಳು. ಆಮೇಲೆ, “ಐದು ವರ್ಷದಿಂದ ಕೂಡಿಟ್ಟ ಪ್ರಶ್ನೆ. ನಾನಂತೂ ಕೇಳೋಳೇ. ಅಂದಾಜಲ್ಲೇ ಹೇಳಿ” ಎಂದಳು.

ಎರಡನೆಯ ತಿರುವು ಬಂತು. “ರೀ, ಗಂಟೆ ಎಷ್ಟಾಯ್ತು?”

ಅವನ ಬೆರಳು ತಾನಾಗಿಯೇ ತೋಳು ಸರಿಸಿತು.