ಊಟ ಆಯ್ತಾ ಎಂಬ ಮೊದಲ ಪ್ರಶ್ನೆ

ತೊಂಬತ್ತರ ದಶಕದ ಮೊದಲಲ್ಲಿ ನಂದಗುಡಿ ಕಡೆಯ ಹಳ್ಳಿಗಳಿಗೆ ಹೋಗಿ, ಜನ ಏನು ಉಣ್ಣುತ್ತಾರೆಂದು ಬರೆದುಕೊಂಡು ಬರುವುದು ನನ್ನ ಕೆಲಸವಾಗಿತ್ತು. ಕೇಳಬೇಕಾದ ಪ್ರಶ್ನೆಗಳನ್ನು ಸಿದ್ಧಪಡಿಸುತ್ತಿದ್ದವರು ನಮ್ಮ ಸಾಹೇಬರು. ಪೆನ್ಸಿಲಿನಲ್ಲಿ ಒಂದು ಪದ ಬರೆದು, ಅಳಿಸಿ, ರಬ್ಬರಿನ ಪುಡಿಯನ್ನು ಉಫ್ ಎಂದು ಊದಿ, "ಪ್ರಶ್ನೆ ನೆಟ್ಟಗಿದ್ರೆ ಉತ್ತರಾನೂ ನೆಟ್ಟಗಿರುತ್ತೆ ಕಣ್ರೀ" ಎನ್ನುತ್ತಿದ್ದರು. ಅಷ್ಟು ಅಳಿಸಿದ ಮೇಲೆ ಉಳಿದ ಮೊದಲ ಪ್ರಶ್ನೆ: 'ಇವತ್ತು ಊಟ ಆಯ್ತಾ?'

ಹಳ್ಳಿಗೆ ಹಳ್ಳಿಯೇ 'ಆಯ್ತು' ಎಂದಿತು. ಹಸಿದವರು ಒಬ್ಬರೂ ಇಲ್ಲವೆಂದರೆ ಸಾಹೇಬರು ನಂಬಲಿಲ್ಲ. ನಾನೇ ಸರಿಯಾಗಿ ಕೇಳಿಲ್ಲವೆಂದು ಗದರಿ, ಮರುದಿನ ತಾವೇ ಹೊರಟುಬಂದರು. ಬೆಳಗಿನ ಬಸ್ಸು ಹಿಡಿಯುವ ಆತುರದಲ್ಲಿ ತಿಂಡಿ ಬಿಟ್ಟಿದ್ದರು. ಮಧ್ಯಾಹ್ನ ಮೂರಾದರೂ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಜಗಲಿಯಲ್ಲಿ ಹುಣಸೆಬೀಜ ಬಿಡಿಸುತ್ತಿದ್ದ ಅಜ್ಜಿ ನಮ್ಮನ್ನು ಕಂಡದ್ದೇ, "ಊಟ ಆಯ್ತಾ ಸಾಮಿ?" ಎಂದಳು.

"ಆಯ್ತಮ್ಮ, ಈಗ್ತಾನೆ ಆಯ್ತು," ಎಂದರು ಸಾಹೇಬರು, ಸಲೀಸಾಗಿ. ಆಮೇಲೆ ಹಾಳೆ ಬಿಡಿಸಿ, ಗಂಟಲು ಸರಿಮಾಡಿಕೊಂಡು, ಅದೇ ಪ್ರಶ್ನೆಯನ್ನು ಅಜ್ಜಿಗೆ ಓದಿದರು.

ಅಜ್ಜಿ ಅವರ ಒಣಗಿದ ತುಟಿ ನೋಡಿ ನಕ್ಕಳು. "ನಿಮ್ದು ಹೆಂಗಾಯ್ತೋ ನಮ್ದೂ ಹಂಗೇ ಆಯ್ತು. ಬರ್ಕಳಿ."

ಸಾಹೇಬರು ಬರೆಯಲಿಲ್ಲ. ಜೇಬಿನಿಂದ ರಬ್ಬರು ತೆಗೆದರು.