ಐಸಿನ ಬೂಟಿಗೆ ಬಲೆಯ ಗಂಟು

ಉಪ್ಪುನೀರಿಗೆ ಹಾಕಿದ ಮಾವಿನಕಾಯಿಯ ವಾಸನೆ ಮೂಗಿಗೆ ಬಡಿದರೆ ನನಗೆ ಡಾಕ್ಟರ ಮಾತು ಮರೆತುಹೋಗುತ್ತದೆ. ಬಿ.ಪಿ. ಇರುವವರು ಅಂಥ ಭರಣಿಯ ಹತ್ತಿರ ಸುಳಿಯಬಾರದು ಎಂದು ಅವರು ಹೇಳಿದ್ದು ನಿಜ. ಆದರೆ ಕಳೆದ ವಾರ ಕಾಪುವಿನ ವಾಸಣ್ಣನ ಮನೆಗೆ ಹೋದಾಗ ನನ್ನ ಹೆಂಡತಿ ಜೊತೆಗಿರಲಿಲ್ಲ, ಎದುರಿಗೆ ಕುಚ್ಚಲಕ್ಕಿ ಗಂಜಿ ಹೊಗೆಯಾಡುತ್ತಿತ್ತು. ವಾಸಣ್ಣನ ಹೆಂಡತಿ ಸರಸಕ್ಕ ಒಲೆಯ ಮುಂದೆ ಮೀನು ಕಾಯಿಸುತ್ತಿದ್ದರು. ಭರಣಿ ಮೂಲೆಯಲ್ಲಿದೆ, ನೀವೇ ತೆಗೆದುಕೊಳ್ಳಿ ಎಂದರು. ಇಂಥ ಕೆಲಸಕ್ಕೆ ನನ್ನನ್ನು ಎರಡು ಸಲ ಕರೆಯಬೇಕಾಗಿಲ್ಲ.

ಭರಣಿಯ ಬಾಯಿಗೆ ಸ್ಟೀಲಿನ ತಟ್ಟೆ ಮುಚ್ಚಿತ್ತು. ಬೆಕ್ಕು ತಟ್ಟೆಯನ್ನು ಸರಿಸದಿರಲೆಂದು ಅದರ ಮೇಲೆ ಒಂದು ಭಾರ. ನಮ್ಮ ಕಡೆ ಇದಕ್ಕೆ ಹೊಳೆಯ ಕಲ್ಲು ಇಡುತ್ತಾರೆ. ಇಲ್ಲಿದ್ದದ್ದು ಅಂಗೈಯಗಲದ, ದಪ್ಪನೆಯ, ಕಪ್ಪು ರಬ್ಬರಿನ ಬಿಲ್ಲೆ. ಅದಕ್ಕೆ ಅಡ್ಡವಾಗಿಯೂ ಉದ್ದವಾಗಿಯೂ ಒಂದು ಬೂಟಿನ ಲೇಸು ಸುತ್ತಿ ಗಂಟು ಹಾಕಿದೆ. ಬಿಳಿಯಿದ್ದ ಲೇಸು ಈಗ ಉಪ್ಪುನೀರು ಕುಡಿದು ಹಳೆಯ ಚಹಾಸೋಸುವ ಬಟ್ಟೆಯ ಬಣ್ಣಕ್ಕೆ ಬಂದಿದೆ. ನಾನು ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಅದನ್ನು ಕುವೈತಿನಿಂದ ಈ ಮನೆಗೆ ತಂದವನು ನಾನೇ.

ಗಂಜಿ ಆರುತ್ತದೆ, ಆರಲಿ. ನಿಮಗೆ ಈ ಕಥೆ ಹೇಳದೆ ನನ್ನಿಂದ ಮುಂದೆ ಹೋಗಲಾಗದು.

ಕುವೈತಿನ ಫರ್ವಾನಿಯಾದಲ್ಲಿ ವಾಸಣ್ಣನೂ ನಾನೂ ಒಂದೇ ಕೋಣೆಯಲ್ಲಿದ್ದೆವು. ನಾನು ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಗುಮಾಸ್ತ. ಅವರು ಪೇಟೆಯ ಐಸ್ ರಿಂಕಿನಲ್ಲಿ, ಅಂದರೆ ನೆಲವೆಲ್ಲ ಮಂಜುಗಡ್ಡೆಯಾಗಿ ಹರಡಿದ ಒಂದು ದೊಡ್ಡ ಒಳಾಂಗಣದಲ್ಲಿ, ಬಂದವರಿಗೆ ಸ್ಕೇಟಿಂಗ್ ಬೂಟು ಕೊಡುವ ಕೆಲಸದಲ್ಲಿದ್ದರು. ಹೊರಗೆ ಮರಳುಗಾಡಿನ ಬಿಸಿಲು ಡಾಂಬರನ್ನು ಕರಗಿಸುತ್ತಿದ್ದರೆ ಒಳಗೆ ವಾಸಣ್ಣ ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ ಕೌಂಟರಿನಲ್ಲಿ ಕೂತಿರುತ್ತಿದ್ದರು. ಊರಿನಲ್ಲಿ ಇದನ್ನು ಯಾರಿಗೂ ವಿವರಿಸಲು ಸಾಧ್ಯವಾಗಿರಲಿಲ್ಲ. ಐಸಿನ ಕೆಲಸ ಎಂದರೆ ಕಾಪುವಿನವರಿಗೆ ಮೀನಿಗೆ ಐಸ್ ಹಾಕುವ ಕೆಲಸ, ಬೇರೆ ಅರ್ಥವೇ ಇಲ್ಲ. ಮಲ್ಪೆಯಲ್ಲೇ ಐಸ್ ಪ್ಲಾಂಟ್ ಇರುವಾಗ ಭಾವ ಯಾಕೆ ಅಷ್ಟು ದೂರ ಹೋಗಿ ಐಸ್ ಒಡೆಯುತ್ತಾರೆ ಎಂದು ಸರಸಕ್ಕನ ತಮ್ಮ ಪ್ರತಿ ರಜೆಯಲ್ಲೂ ಕೇಳುತ್ತಿದ್ದ. ಮೊದಮೊದಲು ವಾಸಣ್ಣ ತಿದ್ದುತ್ತಿದ್ದರು. ಆಮೇಲೆ, ಅಲ್ಲಿನ ಮೀನು ದೊಡ್ಡದು ಮಾರಾಯ ಎಂದು ಹೇಳಿ ಸುಮ್ಮನಾಗುತ್ತಿದ್ದರು.

ಮೀನುಗಾರರ ಮನೆಯಲ್ಲಿ ಹುಟ್ಟಿ, ತಂದೆಯ ಪಕ್ಕದಲ್ಲಿ ಕೂತು ಬಲೆ ನೇಯ್ದು ಬೆಳೆದವರು ಅವರು. ಆ ವಿದ್ಯೆ ಕುವೈತಿನ ಐಸಿನ ಮೇಲೆ ಉಪಯೋಗಕ್ಕೆ ಬರಬಹುದೆಂದು ಯಾರು ತಾನೆ ಊಹಿಸಿದ್ದರು? ಸ್ಕೇಟಿಂಗ್ ಬೂಟಿನ ಲೇಸು ಸಡಿಲವಾದರೆ ಪಾದ ತಿರುಚುತ್ತದೆ. ಒಂದು ದಿನ ಪುಟ್ಟ ಕುವೈತಿ ಹುಡುಗನೊಬ್ಬ ಲೇಸು ಬಿಚ್ಚಿಹೋಗಿ ಮತ್ತೆ ಮತ್ತೆ ಬಿದ್ದು, ಅಳುತ್ತಾ ಕೌಂಟರಿಗೆ ಬಂದ. ವಾಸಣ್ಣ ಕೆಳಗೆ ಕೂತು ಅವನ ಬೂಟಿಗೆ ಬಲೆಯ ಗಂಟು ಹಾಕಿದರು. ಅದು ಎಳೆದಷ್ಟೂ ಬಿಗಿಯಾಗುವ ಗಂಟು, ಬಿಚ್ಚುವ ಉಪಾಯ ಗೊತ್ತಿದ್ದವರಿಗೆ ಮಾತ್ರ ಬಿಚ್ಚುವಂಥದ್ದು. ಹುಡುಗ ಅವತ್ತು ಮತ್ತೆ ಬೀಳಲಿಲ್ಲ. ಆಟ ಮುಗಿದ ಮೇಲೆ ಬಿಚ್ಚಿಸಿಕೊಳ್ಳಲು ಮತ್ತೆ ಅವರ ಹತ್ತಿರವೇ ಬಂದ.

ಹುಡುಗನ ಹೆಸರು ಯೂಸುಫ್. ಅಲ್ಲಿಂದ ಮುಂದೆ ಅವನ ಬೂಟಿಗೆ ಬೇರೆ ಯಾರೂ ಕೈ ಹಾಕಲಿಲ್ಲ. ಅಲ್ಲಿನ ಮಕ್ಕಳು ಚಿಕ್ಕಪ್ಪನನ್ನು ಕರೆಯುವ ಹಾಗೆ ಅವರನ್ನು ಅಮ್ಮೋ ಎಂದು ಕರೆಯುತ್ತಿದ್ದ. ವಾಸಣ್ಣನ ಅರಬ್ಬಿ ಎಂದರೆ ಯಲ್ಲಾ, ಖಲಾಸ್, ಮತ್ತೆ ಕೈಸನ್ನೆ. ಹುಡುಗನ ಹಿಂದಿ, ಅವನ ಮನೆಯ ಡ್ರೈವರನಿಂದ ಕಲಿತದ್ದು. ಇವೆರಡನ್ನೂ ಬೆರೆಸಿಕೊಂಡು ಅವರಿಬ್ಬರೂ ಗಂಟೆಗಟ್ಟಲೆ ಏನು ಮಾತಾಡುತ್ತಿದ್ದರೋ ನನಗಂತೂ ತಿಳಿಯಲಿಲ್ಲ. ಹುಡುಗನ ಮೀಸೆ ಚಿಗುರಿತು, ವಾಸಣ್ಣನದ್ದು ಬೆಳ್ಳಗಾಯಿತು. ಐಸಿನ ಮೇಲೆ ಚೆಂಡಿನ ಬದಲು ರಬ್ಬರಿನ ಬಿಲ್ಲೆ ಹೊಡೆದು ಆಡುವ ಐಸ್ ಹಾಕಿಯಲ್ಲಿ ಅವನು ಕುವೈತ್ ತಂಡದ ಗೋಲ್‌ಕೀಪರ್ ಆದ ಮೇಲೂ ಪಂದ್ಯಕ್ಕೆ ಮುಂಚೆ ಕೌಂಟರಿಗೆ ಬಂದು ಕಾಲು ಚಾಚುತ್ತಿದ್ದ. ಗಂಟು ನನಗೂ ಕಲಿಸಿಕೊಡು ಎಂದು ಎಷ್ಟೋ ಸಲ ಕೇಳಿದ್ದನಂತೆ. ಅದಕ್ಕೆ ವಾಸಣ್ಣನ ಹತ್ತಿರ ಒಂದು ಅರಬ್ಬಿ ಉತ್ತರವಿತ್ತು: "ಅನಾ ಮೌಜೂದ್." ನಾನು ಇದ್ದೇನಲ್ಲ, ಎಂದು.

ವಾಸಣ್ಣನಿಗೂ ಸರಸಕ್ಕನಿಗೂ ಮಕ್ಕಳಿಲ್ಲ. ಈ ಮಾತನ್ನು ಅವರು ನನ್ನ ಹತ್ತಿರ ಎಂದೂ ಆಡಿದವರಲ್ಲ, ನಾನೂ ಕೆದಕಿದವನಲ್ಲ. ಆದರೆ ಯೂಸುಫ್ ಆಡಿದ ದಿನ ಅವರು ಕೋಣೆಗೆ ಬಂದು ಅನ್ನಕ್ಕಿಡುವಾಗ ಸಿಳ್ಳೆ ಹಾಕುತ್ತಿದ್ದರು, ಅವನು ಸೋತ ದಿನ ಸಾರಿಗೆ ಉಪ್ಪು ಮರೆಯುತ್ತಿದ್ದರು. ಅಷ್ಟು ಸಾಕಿತ್ತು ನನಗೆ.

ವರ್ಷಗಟ್ಟಲೆ ಥಂಡಿಯಲ್ಲಿ ಕೂತು ಅವರ ಮೊಣಕಾಲು ಹೋಯಿತು. ಊರಿಗೆ ಹೋಗಿಬಿಡುವುದೆಂದು ನಿಶ್ಚಯವಾಗಿ, ಅಲ್ಲಿ ನೆಲೆಸುವ ಪರವಾನಗಿಯಾದ ಇಕಾಮಾ ರದ್ದಾಗಿ, ಟಿಕೆಟೂ ಆಯಿತು. ಸರಿಯಾಗಿ ಅದೇ ವಾರ ಅದೇ ರಿಂಕಿನಲ್ಲಿ ಏಷ್ಯಾದ ಕೆಲವು ದೇಶಗಳ ಐಸ್ ಹಾಕಿ ಪಂದ್ಯಾಟ ಬಂತು. ಗುಂಪಿನ ಪಂದ್ಯಗಳಲ್ಲಿ ಕುವೈತೂ ಇಂಡಿಯಾವೂ ಒಂದೇ ಗುಂಪಿನಲ್ಲಿ.

ವಾಸಣ್ಣ ಹೊರಡುವ ಸುದ್ದಿಯನ್ನು ಯೂಸುಫ್‌ಗೆ ಹೇಳಿರಲಿಲ್ಲ. ಯಾಕೆ ಎಂದು ಕೇಳಿದೆ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ನಿಮಗೋಸ್ಕರ ಕನ್ನಡದಲ್ಲಿ ಹೇಳುತ್ತೇನೆ.

"ಈಗ ಹೇಳಿದ್ರೆ ಅವನಿಗೆ ಬಿಲ್ಲೆ ಸರಿ ಕಾಣ್ಲಿಕ್ಕಿಲ್ಲ ಮಾರಾಯ. ಗುಂಪಿನ ಮ್ಯಾಚ್ ಮುಗೀಲಿ, ಕೂತ್ಕೊಂಡು ಒಂದು ಚಾ ಕುಡ್ದು ಹೇಳ್ತೇನೆ."

ಆದರೆ ಲೆಕ್ಕ ಅಷ್ಟು ಸುಲಭವಾಗಿರಲಿಲ್ಲ. ಗುಂಪಿನ ಕೊನೆಯ ಪಂದ್ಯ ಗುರುವಾರ, ಇಂಡಿಯಾ ಮತ್ತು ಕುವೈತಿನ ನಡುವೆ. ವಾಸಣ್ಣನ ವಿಮಾನ ಶುಕ್ರವಾರ. ಕುವೈತ್ ಸೋತರೆ ಅವರ ಪಂದ್ಯಾಟ ಅಲ್ಲಿಗೇ ಮುಗಿಯುತ್ತದೆ, ಯೂಸುಫ್‌ಗೆ ಬಿಡುವಾಗುತ್ತದೆ, ಚಹಾ ಕುಡಿಯಬಹುದು. ಗೆದ್ದರೆ ಮುಂದಿನ ಸುತ್ತು. ತಂಡವನ್ನು ನೇರ ಹೋಟೆಲಿಗೆ ಕರೆದುಕೊಂಡು ಹೋಗುತ್ತಾರೆ, ಮುಂದಿನ ಆಟದ ಹೊತ್ತಿಗೆ ವಾಸಣ್ಣ ಕಾಪುವಿನಲ್ಲಿರುತ್ತಾರೆ. ಹುಡುಗ ಗೆದ್ದರೆ ಬೀಳ್ಕೊಡುಗೆ ಇಲ್ಲ, ಬೀಳ್ಕೊಡುಗೆ ಬೇಕಾದರೆ ಹುಡುಗ ಸೋಲಬೇಕು. ಯಾವುದನ್ನು ಬಯಸಬೇಕೆಂದು ತಿಳಿಯದೆ ಅವರು ಆ ವಾರವೆಲ್ಲ ರಟ್ಟಿನ ಪೆಟ್ಟಿಗೆಗೆ ಹಗ್ಗ ಕಟ್ಟುತ್ತಲೂ ಬಿಚ್ಚುತ್ತಲೂ ಇದ್ದರು.

ನಮಗೋ ಇದಾವುದರ ಪರಿವೆಯಿಲ್ಲ. ನಮ್ಮ ಕಟ್ಟಡದ ಕೆಳಗೆ ಬಕಾಲಾ, ಅಂದರೆ ದಿನಸಿ ಅಂಗಡಿ, ಇಟ್ಟಿದ್ದ ಬ್ಯಾರಿ ಉಸ್ಮಾನಾಕ ನಮ್ಮ ದಂಡಿನ ನಾಯಕರು. ಹಾಕಿ ಎಂದರೆ ಇಂಡಿಯಾದ್ದೇ ಆಟ, ಕಪ್ ನಮ್ಮದೇ ಎಂದು ಅವರು ಅಬ್ಬಾಸಿಯಾ ಬಡಾವಣೆಯವರೆಗೂ ಸಾರಿ ಬಂದಿದ್ದರು. ನಾನೂ ದನಿಗೂಡಿಸಿದ್ದೆ, ಐಸ್ ಹಾಕಿ ಬೇರೆ ಹಾಕಿ ಎಂಬ ಸಂಶಯ ನನ್ನಂಥ ತಿಳಿದವನಿಗೂ ಬರಲಿಲ್ಲ. ಮೊದಲ ದಿನ ಅರ್ಧ ತೋಳಿನ ಅಂಗಿ ತೊಟ್ಟು ಹೋದ ನಾವೆಲ್ಲ ಹಲ್ಲು ಕಡಿಯುತ್ತಾ ಕೂತೆವು. ಎರಡನೆಯ ದಿನಕ್ಕೆ ಉಸ್ಮಾನಾಕ ಪರಿಹಾರ ಕಂಡುಹಿಡಿದರು. ಊರಿಗೆ ಒಯ್ಯಲೆಂದು ಪ್ರತಿಯೊಬ್ಬರೂ ಮಂಚದ ಕೆಳಗೆ ಒಂದು ಗಲ್ಫ್ ಕಂಬಳಿ ಇಟ್ಟಿರುತ್ತೇವಲ್ಲ, ಹುಲಿಯ ಚಿತ್ರದ್ದು, ಮಂಗಳೂರಿನ ಸೆಕೆಯಲ್ಲಿ ಯಾರೂ ಹೊದೆಯಲಾರದ್ದು? ಎಲ್ಲರೂ ಅದನ್ನು ಹೊದ್ದು ಬಂದರು. ಒಂದು ಸಾಲು ಹುಲಿಗಳು ಇಂಡಿಯಾಕ್ಕೆ ಜೈ ಎನ್ನುತ್ತಿದ್ದದ್ದನ್ನು ನೋಡಿ ಎದುರು ತಂಡದವರು ಆಟ ನಿಲ್ಲಿಸಿ ಕೈ ಬೀಸಿದರು.

ನಮ್ಮ ತಂಡ ಮೊದಲ ಎರಡೂ ಪಂದ್ಯಗಳನ್ನು ಸೋತಿತು. ಎಷ್ಟು ಗೋಲಿನಿಂದ ಎಂದು ಕೇಳಬೇಡಿ; ಬೋರ್ಡಿನ ಕಡೆ ನೋಡುವುದನ್ನು ನಾವು ಅರ್ಧದಲ್ಲೇ ಬಿಟ್ಟಿದ್ದೆವು. ಪಾಪ, ಕೆರೆ ಹೆಪ್ಪುಗಟ್ಟಿದಾಗ ಅದರ ಮೇಲೆ ಆಡಿ ಕಲಿತ ಬೆಟ್ಟದ ನಾಡಿನ ಹುಡುಗರು ಅವರು. ಬಿದ್ದರೂ ನಗುತ್ತಾ ಏಳುತ್ತಿದ್ದರು. ಒಂದು ಗೋಲು, ಒಂದೇ ಒಂದು ಗೋಲು ಹೊಡೆದರೆ ಎಲ್ಲರಿಗೂ ಪೆಪ್ಸಿ ಎಂದು ಉಸ್ಮಾನಾಕ ಘೋಷಿಸಿದರು.

ಗುರುವಾರ ಬಂತು. ಆಟಕ್ಕೆ ಮುಂಚೆ ವಾಸಣ್ಣನನ್ನು ನಮ್ಮ ಸಾಲಿಗೆ ಕರೆಯೋಣವೆಂದು ನಾನು ಕೌಂಟರಿಗೆ ಹೋದೆ. ಅವರು ನೆಲದ ಮೇಲೆ ಕೂತಿದ್ದರು. ಯೂಸುಫ್ ಬೆಂಚಿನ ಮೇಲೆ. ಒಂದು ಬೂಟಿಗೆ ಗಂಟು ಬಿದ್ದಿತ್ತು. ಇನ್ನೊಂದರ ಲೇಸು ಯೂಸುಫ್‌ನ ಕೈಯಲ್ಲೇ ಇತ್ತು. ವಾಸಣ್ಣ ಅವನ ಬೆರಳುಗಳನ್ನು ಹಿಡಿದು ಅತ್ತ ಇತ್ತ ನಡೆಸುತ್ತಿದ್ದರು. ಹುಡುಗ ಒಂದೂ ಮಾತಾಡಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದ. ಪಂದ್ಯದ ಚಿಂತೆಯಿರಬೇಕು ಎಂದುಕೊಂಡೆ. ವಾಸಣ್ಣ ನಮ್ಮ ಸಾಲಿಗೆ ಬರಲಿಲ್ಲ. ಕುವೈತಿನವರ ಕಡೆಗೂ ಹೋಗಲಿಲ್ಲ. ಕೌಂಟರಿನ ಹಿಂದೆ, ಗಾಜಿನ ಹತ್ತಿರ ನಿಂತರು.

ಕುವೈತ್ ಗೆದ್ದಿತು, ಸುಲಭವಾಗಿಯೇ. ಆದರೆ ಕೊನೆಯ ಹೊತ್ತಿಗೆ ನಮ್ಮವನೊಬ್ಬ ಎಲ್ಲಿಂದಲೋ ನುಗ್ಗಿ ಬಂದು ಯೂಸುಫ್‌ನ ಕಾಲ ಸಂದಿಯಲ್ಲಿ ಬಿಲ್ಲೆ ತೂರಿಸಿದ. ಅಷ್ಟೂ ಹುಲಿಗಳು ಒಟ್ಟಿಗೆ ಎದ್ದವು. ಉಸ್ಮಾನಾಕ ನನ್ನನ್ನು ಎತ್ತಿಯೇಬಿಟ್ಟರು. ಮೇಲಿನಿಂದಲೇ ನಾನು ಕೌಂಟರಿನ ಕಡೆ ನೋಡಿದೆ. ವಾಸಣ್ಣನೂ ಚಪ್ಪಾಳೆ ತಟ್ಟಿದ್ದರು, ಆದರೆ ಕೈಗಳು ಅರ್ಧಕ್ಕೇ ನಿಂತಿದ್ದವು. ಅವರ ಕಣ್ಣು ಗೋಲಿನ ಮುಂದೆ ಮಂಡಿಯೂರಿದ್ದ ಹುಡುಗನ ಮೇಲಿತ್ತು.

ಆಟದ ನಂತರ ಯೂಸುಫ್ ಎಂದಿನಂತೆ ಬೂಟು ಬಿಚ್ಚಿಸಿಕೊಳ್ಳಲು ಬಂದ. ಹೊರಗೆ ತಂಡದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ವಾಸಣ್ಣ ಎರಡೂ ಗಂಟು ಬಿಚ್ಚಿ, ಬೂಟನ್ನು ಒರೆಸಿ ಕೈಗೆ ಕೊಟ್ಟರು. ಅವನು ಬಗ್ಗಿ ಅವರ ನೆತ್ತಿಗೆ ಮುತ್ತಿಟ್ಟ. ಅಲ್ಲಿಯವರು ತಂದೆಗೆ, ಅಜ್ಜನಿಗೆ ಹಾಗೆ ಮಾಡುತ್ತಾರೆ. ಮತ್ತೆ ಓಡಿ ಬಸ್ಸು ಹತ್ತಿದ.

"ಗೆದ್ದ ಖುಷಿ, ನೋಡು," ಎಂದರು ವಾಸಣ್ಣ. ಮರುದಿನ ಉಸ್ಮಾನಾಕನ ಗಾಡಿಯಲ್ಲಿ ಏರ್‌ಪೋರ್ಟಿಗೆ ಹೋಗುವಾಗಲೂ ಅದನ್ನೇ ಹೇಳಿದರು. ಇಳಿಯುವ ಮುಂಚೆ, ಅವನು ಕೇಳಿಕೊಂಡು ಬಂದರೆ ರಜೆಗೆ ಹೋಗಿದ್ದಾರೆ ಎಂದು ಹೇಳು, ಬರುತ್ತಾರೆ ಎಂದು ಹೇಳು ಎಂದು ನನ್ನ ಕೈ ಹಿಡಿದುಕೊಂಡರು. ಆಗಲಿ ಎಂದೆ.

ಅವನು ಬಂದ. ಮುಂದಿನ ವಾರ, ನಮ್ಮ ಓಣಿಗೆ ಹಿಡಿಸದ ದೊಡ್ಡ ಗಾಡಿಯನ್ನು ಉಸ್ಮಾನಾಕನ ಅಂಗಡಿಗೆ ಅಡ್ಡ ನಿಲ್ಲಿಸಿ, ಮೆಟ್ಟಿಲು ಹತ್ತಿ ಬಂದು ವಾಸಣ್ಣನ ಖಾಲಿ ಮಂಚದ ಮೇಲೆ ಕೂತ. ನಾನು ಕಲಿತಿಟ್ಟ ಪಾಠ ಒಪ್ಪಿಸಲು ಶುರು ಮಾಡಿದೆ. ರಜೆ ಎಂಬ ಮಾತು ಬಾಯಿಂದ ಬೀಳುವಷ್ಟರಲ್ಲಿ ಅವನು ತಲೆಯಾಡಿಸಿದ.

"ನಹೀ, ಭಾಯಿ. ಖಲಾಸ್. ಮುಝೆ ಮಾಲೂಮ್ ಹೈ." ಎಲ್ಲ ಮುಗಿಯಿತು, ನನಗೆ ಗೊತ್ತು, ಎಂದ.

ಯಾರು ಹೇಳಿದರು ಎಂದು ಕೇಳಿದೆ. ಅವನು ತನ್ನ ಹರಕು ಹಿಂದಿಯಲ್ಲಿ ಹೇಳಿದ್ದು ಇಷ್ಟು: ಚಿಕ್ಕಂದಿನಿಂದ ಕೇಳಿದರೂ ಅಮ್ಮೋ ಈ ಗಂಟು ಕಲಿಸಿಕೊಡಲಿಲ್ಲ, ನಾನು ಇದ್ದೇನಲ್ಲ ಎನ್ನುತ್ತಿದ್ದ. ಗುರುವಾರ ನಾನು ಕೇಳಲೇ ಇಲ್ಲ, ತಾನಾಗಿಯೇ ಕಲಿಸಿದ. ಇನ್ನು ಇರುವುದಿಲ್ಲ ಎಂದು ಆಗಲೇ ತಿಳಿಯಿತು. ನಾನು ಬಾಯಿಬಿಟ್ಟಿದ್ದರೆ ಅಲ್ಲೇ ಅಳುತ್ತಿದ್ದೆ, ಅಮ್ಮೋ ನನ್ನ ಆಟ ಕೆಟ್ಟಿತೆಂದು ಕೊರಗುತ್ತಿದ್ದ. ಅದಕ್ಕೇ ಸುಮ್ಮನಿದ್ದೆ.

ಮುಂದಿನ ಸುತ್ತಿನಲ್ಲಿ ಸೋತರಂತೆ. ತಾನೇ ಗಂಟು ಕಟ್ಟಿಕೊಂಡನಂತೆ, ಆಟ ಮುಗಿಯುವವರೆಗೂ ಸಡಿಲವಾಗಲಿಲ್ಲವಂತೆ. ಆದರೆ ಬಿಚ್ಚುವುದನ್ನು ಕಲಿಸಲು ಅಮ್ಮೋನಿಗೆ ಸಮಯ ಸಿಕ್ಕಿರಲಿಲ್ಲ, ಕೊನೆಗೆ ಕತ್ತರಿ ಹಾಕಬೇಕಾಯಿತು ಎಂದು ಹೇಳಿ ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ. ಜೇಬಿನಿಂದ ಒಂದು ಬಿಲ್ಲೆಯನ್ನೂ ಕತ್ತರಿಸಿದ ಲೇಸನ್ನೂ ತೆಗೆದು, ಅಲ್ಲೇ ಮಂಚದ ಮೇಲೆ ಕೂತು ಬಹಳ ಹೊತ್ತು ಹೆಣಗಿ ಈ ಗಂಟು ಹಾಕಿ, ಅಮ್ಮೋನಿಗೆ ತಲುಪಿಸು ಎಂದು ಕೊಟ್ಟ.

ಅದೇ ವರ್ಷದ ರಜೆಯಲ್ಲಿ ನಾನು ಅದನ್ನು ಕಾಪುವಿಗೆ ಒಯ್ದೆ, ಅವನು ಹೇಳಿದ್ದನ್ನೆಲ್ಲ ಹೇಳಿದೆ. ವಾಸಣ್ಣನ ಕೈ ಮೆಲ್ಲಗೆ ಎದ್ದು ನೆತ್ತಿಯ ಮೇಲೆ ಹೋಗಿ ಅಲ್ಲೇ ಇತ್ತು.

ಅಂಥ ವಸ್ತು ಈಗ ಉಪ್ಪಿನ ಭರಣಿಯ ಮೇಲೆ! ನನಗೆ ಸಿಟ್ಟೇ ಬಂತು. ಬಿಲ್ಲೆಯನ್ನು ಹಿಡಿದುಕೊಂಡೇ ಚಾವಡಿಗೆ ಬಂದು, ಇದನ್ನು ಶೋಕೇಸಿನಲ್ಲಿಡುವುದು ಬಿಟ್ಟು ಬೆಕ್ಕು ಕಾಯಲು ಇಟ್ಟಿದ್ದೀರಲ್ಲ ಎಂದು ವಾಸಣ್ಣನನ್ನು ಗದರಿದೆ. ಉತ್ತರ ಕೊಟ್ಟದ್ದು ಸರಸಕ್ಕ, ಒಳಗಿನಿಂದ.

"ಶೋಕೇಸಲ್ಲೇ ಇತ್ತು. ಇವರೇ ತಂದು ಇಲ್ಲಿ ಇಟ್ಟದ್ದು. ಮಾವಿನಕಾಯಿ ಇಲ್ಲದೆ ಇವರಿಗೆ ಊಟ ಇಲ್ಲ ಅಲ್ವಾ? ಇಲ್ಲಿದ್ರೆ ದಿನಾ ಎರಡು ಹೊತ್ತು ಕೈಗೆ ಸಿಗ್ತದೆ ಅಂತೆ."

ವಾಸಣ್ಣ ನಾಚಿದವರಂತೆ ನಕ್ಕು ಕೈ ಚಾಚಿದರು. ಕೊಟ್ಟೆ. ಬೆರಳುಗಳು ಈಗ ಸೊಟ್ಟಗಾಗಿವೆ, ಆದರೂ ಹೆಬ್ಬೆರಳು ಹಾದಿ ತಪ್ಪದೆ ಗಂಟಿನ ಮೇಲೆ ಹೋಗಿ ನಿಂತಿತು.

"ಒಂದು ಸುತ್ತು ತಪ್ಪಿದ್ದಾನೆ ನೋಡು. ಇದು ಕೆಳಗಿಂದ ಬರ್ಬೇಕಿತ್ತು, ಮೇಲಿಂದ ಬಂದಿದೆ."

ಹಾಗಾದರೆ ಬಿಚ್ಚಿ ಸರಿಯಾಗಿ ಕಟ್ಟಿಬಿಡಿ, ಬಿಚ್ಚುವ ಉಪಾಯ ನಿಮಗೆ ಗೊತ್ತಿದೆಯಲ್ಲ ಎಂದೆ.

ಅವರು ಬಿಲ್ಲೆಯನ್ನು ನನ್ನ ಕೈಗೇ ಮರಳಿ ಇಟ್ಟರು.

"ಬಿಚ್ಚಿ ಕಟ್ಟಿದ್ರೆ ಅದು ನಾನು ಕಟ್ಟಿದ್ದಾಗ್ತದೆ, ಮಾರಾಯ."

ನಾನು ಅಡುಗೆಮನೆಗೆ ಹೋಗಿ ಒಂದರ ಬದಲು ಎರಡು ಮಾವಿನಕಾಯಿ ತೆಗೆದು, ತಟ್ಟೆ ಮುಚ್ಚಿ, ಬಿಲ್ಲೆಯನ್ನು ಗಂಟು ಮೇಲೆ ಬರುವ ಹಾಗೆ ಇಟ್ಟೆ. ಒಂದನ್ನು ವಾಸಣ್ಣನ ಬಟ್ಟಲಿಗೆ ಹಾಕಿದೆ. ಗಂಜಿ ಆರಿತ್ತು. ಇಬ್ಬರೂ ಉಂಡೆವು.